ಹರಗಿಯ ಹೊಳೆಯನ್ನು ಬಿಟ್ಟುಕೊಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಕೆಟ್ಟುಹೋದ ನದಿಪಾತ್ರಗಳ ಪಟ್ಟಿ ಮಾಡಿತು. ಒಟ್ಟು 351. ಕರ್ನಾಟಕದ ಪಾಲಿಗೆ ಬಂದದ್ದು 17. ಅದರಲ್ಲಿ ತುಂಗಭದ್ರೆಯ ಒಂದು ತುಂಡನ್ನು ಮಂಡಳಿ ಗುರುತಿಸಿದ್ದು ಹೀಗೆ: ಹರಿಹರದಿಂದ ಕೊರ್ಲಹಳ್ಳಿಯವರೆಗೆ. ಕೊರ್ಲಹಳ್ಳಿ ಮುಂಡರಗಿ ತಾಲ್ಲೂಕಿನದು. ಅದರ ಎದುರು ದಂಡೆಯಲ್ಲಿರುವುದು ನಮ್ಮ ಮದಲಗಟ್ಟಿ, ಆಂಜನೇಯನ ಗುಡಿಯ ಮದಲಗಟ್ಟಿ. ಅಂದಮೇಲೆ ಹರಪನಹಳ್ಳಿಯ ಅಂಚು, ಕುರುವತ್ತಿ, ಮೈಲಾರ, ಹೂವಿನಹಡಗಲಿ ತಾಲ್ಲೂಕಿನ ಹೊಳೆದಂಡೆಯ ಊರುಗಳು ಆ ಒಂದು ಸಾಲಿನೊಳಗೇ ಬಂದವು. ಹಡಗಲಿಯ ಹೊಳೆ ಹೊಲಸಾಗಿದೆ ಎಂದು ದೆಹಲಿಯ ಕಾಗದವೇ ಹೇಳುತ್ತಿದೆ. ನಮ್ಮ ತಾಲ್ಲೂಕಿನಲ್ಲಿ ಆ ಕಾಗದ ಹಿಡಿದು ಮಾತಾಡಿದ ಒಬ್ಬ ಜನಪ್ರತಿನಿಧಿಯನ್ನೂ ನಾನು ಕೇಳಿಲ್ಲ.

ಮಂಡಳಿಯ ಅಳತೆ ಕಷ್ಟದ್ದೇನಲ್ಲ. ನೀರಿಗೆ ಬಿದ್ದ ಹೊಲಸು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನು ತಿನ್ನುತ್ತದೆ. ಒಂದು ಲೀಟರಿನಲ್ಲಿ ಈ ಆಮ್ಲಜನಕದ ಬೇಡಿಕೆ 3 ಮಿಲಿಗ್ರಾಂ ದಾಟಿದರೆ ಆ ನೀರು ಕೆಟ್ಟಿತೆಂದು ಲೆಕ್ಕ. ಕಚೇರಿಯಲ್ಲಿ ಕೂತವರಿಗೆ ಅದು ಬರೀ ಅಂಕಿ. ಮೀನಿಗೆ ಅದು ಉಸಿರು. ಹೊಲಸು ಹೆಚ್ಚಾದ ಮಡುವಿನ ದಂಡೆಗೆ ಬೇಸಿಗೆಯಲ್ಲಿ ನಸುಕಿಗೆ ಹೋಗಿ ನಿಲ್ಲಿ. ರಾತ್ರಿಯೆಲ್ಲ ಉಸಿರು ಕಟ್ಟಿದ ಮೀನುಗಳು ಮೇಲೆ ಬಂದು ನೀರಿನ ಮೈಗೆ ಬಾಯಿ ಹಚ್ಚಿ ಗುಟುಕು ಗುಟುಕಾಗಿ ಗಾಳಿ ನುಂಗುತ್ತಿರುತ್ತವೆ. ಬಲೆ ಬೇಡ, ಬುಟ್ಟಿಯಲ್ಲೇ ಬಳಿಯಬಹುದು. ಹಾಗೆ ಬಳಿದು ತಂದು ಮಾರುವವರೂ ಇದ್ದಾರೆ, ಮೀನು ಅಗ್ಗವಾಯಿತೆಂದು ಕೊಳ್ಳುವವರೂ ಇದ್ದಾರೆ.

ಈ ಹೊಳೆಯಲ್ಲಿ ಹರಗಿ ಎಂಬ ಮೀನಿತ್ತು. ವಿಜ್ಞಾನದವರು ಇದನ್ನು ಮೊದಲು ಪುಂಟಿಯಸ್ ಪುಲ್ಚೆಲ್ಲಸ್ ಎಂದರು, ಈಗ ಹಿಪ್ಸೆಲೊಬಾರ್ಬಸ್ ಪುಲ್ಚೆಲ್ಲಸ್ ಎನ್ನುತ್ತಾರೆ. ಫ್ರಾನ್ಸಿಸ್ ಡೇ 1870ರಲ್ಲಿ ಇದನ್ನು ಮೊದಲಿಗೆ ವಿವರಿಸಿದ. ದಕ್ಷಿಣ ಭಾರತದ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ. ತುಂಗಭದ್ರಾ ಜಲಾಶಯ ತುಂಬಿದ ಮೊದಲ ವರ್ಷಗಳಲ್ಲಿ ಬೆಸ್ತರ ಬಲೆಗೆ ಬೀಳುತ್ತಿದ್ದ ದೊಡ್ಡ ಮೀನುಗಳಲ್ಲಿ ಇದೂ ಒಂದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇಂದು ಇದು ತೀವ್ರ ಅಳಿವಿನಂಚಿನ ಜೀವಿ. ಆ ಪಟ್ಟಿಯಲ್ಲಿ ಇನ್ನೊಂದು ಮೆಟ್ಟಿಲು ಇಳಿದರೆ, ಸಹಜ ನೆಲೆಯಲ್ಲಿ ಇಲ್ಲವೇ ಇಲ್ಲ ಎಂದು ಬರೆಯುವ ಕಾಲಂ.

ಹರಗಿಯ ವಿಶೇಷ ಅದರ ಊಟದಲ್ಲಿದೆ. ಇದು ಹುಲ್ಲು ತಿನ್ನುವ ಮೀನು. ನೀರೊಳಗೆ ಬೆಳೆಯುವ ಪಾಚಿ, ಜೊಂಡು, ಸಸಿಗಳನ್ನು ಮೇದು ದೊಡ್ಡದಾಗುತ್ತದೆ. ನಮ್ಮ ನೆಲದ ಹೊಳೆಮೀನುಗಳಲ್ಲಿ ಹೀಗೆ ಸೊಪ್ಪು ಮೇಯ್ದು ಇಷ್ಟು ತೂಕ ಬರುವಂಥವು ತೀರ ಕಡಿಮೆ. ಮೀನು ವಿಜ್ಞಾನಿಗಳಾದ ಎ. ಡೇವಿಡ್ ಮತ್ತು ರಹಮಾನ್ ಇದು ಏನು ತಿನ್ನುತ್ತದೆ, ಹೇಗೆ ಮರಿ ಮಾಡುತ್ತದೆ, ಕೆರೆಕಟ್ಟೆಗಳಲ್ಲಿ ಸಾಕಲು ಎಷ್ಟು ಯೋಗ್ಯ ಎಂದು ಅಭ್ಯಾಸ ಮಾಡಿ 1975ರಲ್ಲೇ ಪ್ರಕಟಿಸಿದರು. ಸರ್ಕಾರದ ಮೀನುಗಾರಿಕೆಯ ಬುದ್ಧಿ ಓಡಿದ ದಿಕ್ಕು ಮಾತ್ರ ಬೇರೆ. ಕಳೆ ತಿನ್ನುವ ಮೀನು ಬೇಕೆಂದು ಅದಕ್ಕೂ ಮೊದಲೇ, 1959ರಲ್ಲಿ, ಹಾಂಗ್‌ಕಾಂಗಿನಿಂದ ಚೀನಾದ ಹುಲ್ಲುಗೆಂಡೆಯನ್ನು ತರಿಸಿದರು. ಗಂಗಾ ಬಯಲಿನಿಂದ ಕಾಟ್ಲಾ, ರೋಹು, ಮೃಗಾಲ್ ಬಂದವು. ಹೊರಗಿನಿಂದಲೇ ಸಾಮಾನ್ಯ ಗೆಂಡೆ ಬಂತು, ತಿಲಾಪಿಯ ಬಂತು. ಸರ್ಕಾರವೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಹೊಂಡಗಳಿಗೆ ಇಳಿದು, ಮಳೆ ಬಂದು ಹೊಂಡ ಒಡೆದಾಗ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರಿತು. ಸಿಕ್ಕಿದ್ದನ್ನೆಲ್ಲ ನುಂಗುವ ಮೀನು ಅದು. ಮೊಟ್ಟೆ, ಮರಿ ಯಾವುದನ್ನೂ ಬಿಡುವುದಿಲ್ಲ. ವರ್ಷ ವರ್ಷವೂ ಜಲಾಶಯಕ್ಕೆ ಇಷ್ಟು ಲಕ್ಷ ಮರಿ ಬಿಟ್ಟೆವೆಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಲಕ್ಷಗಳಲ್ಲಿ ಈ ಹೊಳೆಯದೇ ಮೀನು ಎಷ್ಟು? ಮೀನುಗಾರಿಕೆ ಇಲಾಖೆಯವರು ಉತ್ತರ ಹೇಳಲಿ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಹರಗಿಯನ್ನು ಕೊಳಗಳಲ್ಲಿ ಸಾಕಿ, ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿದ್ದಾರೆ. ಆ ವಿಜ್ಞಾನಿಗಳಿಗೆ ಕೈ ಮುಗಿಯುತ್ತೇನೆ. ಅವರು ಆ ಕೆಲಸ ಮಾಡದಿದ್ದರೆ ನಾಳೆ ತೋರಿಸಲೂ ಒಂದು ಹರಗಿ ಉಳಿಯುತ್ತಿರಲಿಲ್ಲವೇನೋ. ಆದರೆ ಹೆಸರಘಟ್ಟದ ಕೊಳದಿಂದ ತಂದ ಮರಿಗಳನ್ನು ಬಿಡುವುದು ಎಲ್ಲಿಗೆ? ಉಸುಕು ಬಗೆದು ಗುಂಡಿಬಿದ್ದ ಮದಲಗಟ್ಟಿಯ ಹೊಳೆಗೋ, ಹರಿಹರದ ಚರಂಡಿ ಬೆರೆತ ನೀರಿಗೋ? ಮನೆ ಕಿತ್ತು ಹಾಕಿ ಮಗುವನ್ನು ಮಾತ್ರ ಉಳಿಸಿದೆವೆಂದರೆ ಅದನ್ನು ಉಳಿಸಿದಂತಲ್ಲ.

ಈಗ ಉಸುಕಿನ ಮಾತು. ಪೇಟೆಯವರು ಮರಳು ಎನ್ನುತ್ತಾರೆ, ನಮ್ಮ ಕಡೆ ಉಸುಕು. ಹಡಗಲಿ, ಹರಪನಹಳ್ಳಿ ದಂಡೆಯಲ್ಲಿ ಈ ಮೂರಕ್ಷರ ಮಾಡದೆ ಬಿಟ್ಟದ್ದು ಏನಿದೆ? ಊರು ಒಡೆದಿದೆ, ಕೇಸು ಹಾಕಿಸಿದೆ, ಚುನಾವಣೆಗೆ ದುಡ್ಡು ಕೊಟ್ಟಿದೆ, ರಸ್ತೆ ಕಿತ್ತಿದೆ. ಹಗಲು ಒಂದಿಷ್ಟು ಪಾಸಿನ ಮೇಲೆ, ರಾತ್ರಿ ಉಳಿದದ್ದೆಲ್ಲ. ಕತ್ತಲಾದ ಮೇಲೆ ಹೊಳೆಯ ಕಡೆಯಿಂದ ಬರುವ ಟ್ರ್ಯಾಕ್ಟರಿಗೆ ಹಿಂದಿನ ದೀಪವಿರುವುದಿಲ್ಲ, ಟಿಪ್ಪರಿಗೆ ನಂಬರು ಕಾಣುವುದಿಲ್ಲ. ಟ್ರ್ಯಾಕ್ಟರಿನ ಡಬ್ಬಿಯಿಂದ ಸೋರುವ ನೀರು ರಸ್ತೆಯುದ್ದಕ್ಕೂ ಗೆರೆ ಎಳೆದಿರುತ್ತದೆ. ಆ ಒದ್ದೆ ಗೆರೆ ಹಿಡಿದು ಹಿಂದಕ್ಕೆ ನಡೆದರೆ ಸಾಕು, ಯಾವ ಅಧಿಕಾರಿಯಾದರೂ ನೇರ ಹೊಳೆಯ ಗುಂಡಿಗೇ ಬಂದು ನಿಲ್ಲುತ್ತಾನೆ. ಅಷ್ಟು ದೂರ ನಡೆಯುವ ಮನಸ್ಸು ಮಾಡಬೇಕು.

ಟ್ರ್ಯಾಕ್ಟರ್ ಓಡಿಸುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಳೆ ಕೈಕೊಟ್ಟ ಹೊಲ, ಮುಗಿಯದ ಸಾಲ, ರಾತ್ರಿಗಿಷ್ಟು ಎಂಬ ಕೂಲಿ ಅವನನ್ನು ಹೊಳೆಗೆ ತಂದಿವೆ. ಸರ್ಕಾರದ ಮನೆ ಮಂಜೂರಾಗಿ ಗೋಡೆ ಎಬ್ಬಿಸಲು ಒಂದು ಗಾಡಿ ಉಸುಕಿಗೆ ಅಲೆಯುವ ಬಡವಿಯ ಮೇಲೂ ಸಿಟ್ಟಿಲ್ಲ. ದಾಳಿ ನಡೆದಾಗ ಜೈಲಿಗೆ ಹೋಗುವವನು ಆ ಹುಡುಗ. ನೂರು ಗಾಡಿಯ ಲೆಕ್ಕ ಬರೆಸಿಕೊಳ್ಳುವವನು, ಠಾಣೆಗೂ ಕಚೇರಿಗೂ ತಿಂಗಳ ಕವರು ಮುಟ್ಟಿಸುವವನು, ವೇದಿಕೆ ಮೇಲೆ ತಾಯಿ ತುಂಗಭದ್ರೆ ಎಂದು ಕೈ ಮುಗಿಯುವವನು ಒಮ್ಮೆಯೂ ಒಳಗೆ ಹೋಗುವುದಿಲ್ಲ. ನನ್ನ ಸಿಟ್ಟು ಅವನ ಮೇಲೆ.

ಕಾನೂನು ಇಲ್ಲವೆನ್ನುವಂತಿಲ್ಲ. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು, ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು ಆದೇಶಿಸಿತು. ನದಿಗಳಿಂದ ಮರಳು ಬಗೆಯುವುದು ಮೀನುಗಳ ನೆಲೆಯನ್ನೂ ನದಿಯ ಹರಿವನ್ನೂ ಕೆಡಿಸುತ್ತದೆ ಎಂಬ ಆತಂಕವೇ ಅದರ ಹಿಂದಿತ್ತು. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು, 2020ರಲ್ಲಿ ನಿಗಾ ಇಡುವುದಕ್ಕೇ ಮತ್ತೊಂದು. ಮೂರು ಮೀಟರಿಗಿಂತ ಆಳ ಬಗೆಯಬಾರದು, ನೀರಿನ ಮಟ್ಟ ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ನಿಯಮ. ನಮ್ಮ ಹೊಳೆಯಲ್ಲಿ ಆಳು ಮುಳುಗುವ ಗುಂಡಿಗಳಿವೆ. ಇಂಥ ಗುಂಡಿಗಳಲ್ಲಿ ಈಜಲು ಇಳಿದ ಮಕ್ಕಳು ಮುಳುಗಿ ಸತ್ತ ಸುದ್ದಿ ರಾಜ್ಯದ ಒಂದಲ್ಲ ಒಂದು ನದಿಯಿಂದ ಪ್ರತಿ ಬೇಸಿಗೆಯೂ ಬರುತ್ತದೆ.

ಉಸುಕು ಹೋದರೆ ಮೀನಿಗೇನು ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. ಹರಗಿ ತಿನ್ನುವ ಸಸಿ ನೀರಿನ ತಳದಲ್ಲಿ ಬೇರು ಬಿಡಬೇಕು. ಬೇರು ಬಿಡಲು ತಳ ಕದಲದೆ ನಿಲ್ಲಬೇಕು. ಬೆಳೆಯಲು ಬಿಸಿಲು ತಳ ಮುಟ್ಟಬೇಕು. ಜೆಸಿಬಿ ಇಳಿದ ದಿನ ಈ ಮೂರೂ ಮುಗಿದವು. ತಳ ಕಿತ್ತುಬಂತು, ಸಸಿ ಬುಡಸಮೇತ ಡಬ್ಬಿ ಸೇರಿತು, ಎದ್ದ ರಾಡಿ ಮೈಲುಗಟ್ಟಲೆ ಹರಿದು ಕೆಳಗಿನ ಸಸಿಗಳ ಮೇಲೂ ಕೂತಿತು. ಬಿಸಿಲು ಕಾಣದ ಸಸಿ ಕೊಳೆಯುತ್ತದೆ, ಕೊಳೆತದ್ದು ಮತ್ತೆ ಆಮ್ಲಜನಕ ತಿನ್ನುತ್ತದೆ. ಮೊಟ್ಟೆಗಳ ಗತಿ ಇನ್ನೂ ಕಷ್ಟ. ನಮ್ಮ ಹೊಳೆಮೀನುಗಳಲ್ಲಿ ಬಹಳಷ್ಟು ಮುಂಗಾರಿನ ಕೆಂಪು ನೀರು ಬಂದಾಗ ಮೇಲಕ್ಕೆ ಏರಿ, ಉಸುಕು-ಗರಸಿನ ತೆಳು ನೀರಿನಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ದಿಬ್ಬಗಳ ಮಗ್ಗುಲಲ್ಲಿ, ಹರಿವು ಮೆತ್ತಗಿರುವ ಕಡೆ ಬೆಳೆಯುತ್ತವೆ. ದಿಬ್ಬವೇ ಇಲ್ಲದ ಮೇಲೆ ಮಗ್ಗುಲೆಲ್ಲಿ?

ದಿಬ್ಬ ಹೋದದ್ದು ಮನುಷ್ಯರಿಗೂ ತಟ್ಟಿದೆ. ಉಸುಕು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೊಳೆ ಬತ್ತಿದ ತಿಂಗಳಲ್ಲೂ ಹೆಣ್ಣುಮಕ್ಕಳು ಉಸುಕು ತೋಡಿ ಒರತೆಯಲ್ಲಿ ಬಟ್ಟಲಿಂದ ಗೋರಿ ಕೊಡ ತುಂಬುತ್ತಿದ್ದರು. ಬಂಡೆ ಬಿಟ್ಟ ಹೊಳೆಯಲ್ಲಿ ಒರತೆ ಹುಟ್ಟುವುದಿಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಬಗ್ಗೆ ಭಾಷಣ ಮಾಡುತ್ತೇವೆ. ಆ ಮಲ್ಲಿಗೆ ತೋಟದ ಬಾವಿಗೂ ಹೊಳೆಯ ಉಸುಕಿಗೂ ಇರುವ ಸಂಬಂಧದ ಬಗ್ಗೆ ಯಾವ ಭಾಷಣದಲ್ಲೂ ಒಂದು ಮಾತಿಲ್ಲ.

ಹೊಲಸಿನ ಕಥೆ ಇನ್ನೂ ಹಳೆಯದು. ಭದ್ರಾವತಿಯ ಕಾರ್ಖಾನೆಗಳ ನೀರಿನಿಂದ ಭದ್ರೆಯ ಮೀನುಗಳಿಗೆ ಏನಾಗುತ್ತಿದೆ ಎಂದು ಇದೇ ಡೇವಿಡ್ 1956ರಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ಕರ್ನಾಟಕ ಏಕೀಕರಣವಾದ ವರ್ಷ ಅದು. ರಾಜ್ಯದಷ್ಟೇ ವಯಸ್ಸಾದ ಎಚ್ಚರಿಕೆ ಇದು. ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. 1970ರ ದಶಕದಲ್ಲಿ ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರುಮಾಡಿತು. 1980ರ ದಶಕದಲ್ಲಿ ಹೊಳೆಯಲ್ಲಿ ಮೀನು ರಾಶಿರಾಶಿಯಾಗಿ ಸತ್ತು ತೇಲಿದಾಗ, ದನಕರು ಕುಡಿಯುವ ನೀರು ಕಂದುಬಣ್ಣಕ್ಕೆ ತಿರುಗಿದಾಗ ದಂಡೆಯ ಹಳ್ಳಿಗಳು ಎದ್ದು ನಿಂತವು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ, ಅದರ ಮುಂದಾಳು ಎಸ್.ಆರ್. ಹಿರೇಮಠರು, ನೂರಾರು ರೈತರು ಮತ್ತು ಮೀನುಗಾರರು ಬೀದಿಗಿಳಿದರು, ಕೋರ್ಟಿಗೆ ಹೋದರು. ನದಿಯ ಹೆಸರಿನಲ್ಲಿ ಹಳ್ಳಿಯವರು ಇಷ್ಟು ದೊಡ್ಡದಾಗಿ ದನಿ ಎತ್ತಿದ್ದು ಈ ಸೀಮೆಯಲ್ಲಿ ಅದೇ ಮೊದಲಿರಬೇಕು. ಆ ಹೋರಾಟವನ್ನು ನಮ್ಮ ಮಕ್ಕಳ ಪಠ್ಯದಲ್ಲಿ ಓದಿಸಬೇಕಿತ್ತು.

ಈಗ ಕಾರ್ಖಾನೆಯೊಂದನ್ನೇ ಬೈದು ಕೈತೊಳೆದುಕೊಳ್ಳುವಂತಿಲ್ಲ. ಶಿವಮೊಗ್ಗದ ಶೌಚ ತುಂಗೆಗೆ, ಭದ್ರಾವತಿಯದು ಭದ್ರೆಗೆ, ಹರಿಹರದ್ದು ನೇರ ತುಂಗಭದ್ರೆಗೆ. ಗದ್ದೆಗಳಿಂದ ಇಳಿಯುವ ಯೂರಿಯಾ, ಕೀಟನಾಶಕ ಅದರ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಜಲಾಶಯದ ನೀರು ಹಸಿರು ಬಣ್ಣದಂತೆ ಕೆನೆಗಟ್ಟುವುದನ್ನು ಹಿನ್ನೀರಿನ ಊರುಗಳವರು ಕಣ್ಣಾರೆ ನೋಡಿದ್ದಾರೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಅಭಿಯಾನದವರು ಕಾಲ್ನಡಿಗೆಯಲ್ಲಿ ಹೊಳೆಗುಂಟ ಹೊರಟರು. ನಡೆದವರ ಕಾಲು ನೋವು ಮಾಯ್ದಿದೆ. ಅವರು ಎತ್ತಿದ ಪ್ರಶ್ನೆಗಳು ಹಾಗೇ ನಿಂತಿವೆ.

ಅಣೆಕಟ್ಟಿನ ಮಾತನ್ನು ಚಿಕ್ಕದಾಗಿಯೇ ಆಡುತ್ತೇನೆ, ಅದರಿಂದ ಅನ್ನ ಉಂಡವರು ನಾವು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಆ ಜಲಾಶಯದಲ್ಲಿ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು 105 ಚಿಲ್ಲರೆ. ಕಟ್ಟುವಾಗ ಮೀನು ಹತ್ತಿ ಹೋಗಲು ದಾರಿ ಬಿಡಲಿಲ್ಲ. ಜಲಾಶಯದ ಮೇಲ್ಗಡೆ ಹಮ್ಮಿಗಿಯಲ್ಲಿ ಬ್ಯಾರೇಜು ಕಟ್ಟುವ ಹೊತ್ತಿಗಾದರೂ ಮೀನಿನ ಏರುದಾರಿ ಯೋಜನೆಯ ಮೊದಲ ಪುಟದಲ್ಲೇ ಇರಬೇಕಿತ್ತು. ಕೆಳಗೊಂದು ಗೋಡೆ, ಮೇಲೊಂದು ಗೋಡೆ. ನಡುವೆ ಸಿಕ್ಕಿಕೊಂಡ ಹೊಳೆಯ ತುಂಡಿನಲ್ಲಿ ಹರಗಿ ಬದುಕಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ನಿದ್ದೆಗೆಟ್ಟಿತು, ಒಂದೇ ವಾರದಲ್ಲಿ ಗೇಟಿನ ಜಾಗಕ್ಕೆ ತಡೆ ಇಳಿಸಿದರು. ಮನಸ್ಸು ಮಾಡಿದರೆ ಸರ್ಕಾರ ಎಷ್ಟು ಬೇಗ ಓಡಬಲ್ಲದು ಎಂದು ಅವತ್ತು ಕಂಡೆವು.

ಅಳಿದುಳಿದ ಮೀನಿಗೂ ನೆಮ್ಮದಿಯಿಲ್ಲ. ಬೇಸಿಗೆಯಲ್ಲಿ ಹೊಳೆ ಕಿರಿದಾಗಿ ಮೀನೆಲ್ಲ ಮಡುಗಳಿಗೆ ಸೇರಿದಾಗ ತೋಟೆ ಎಸೆಯುತ್ತಾರೆ. ನೀರೊಳಗೆ ಗುಡುಗು ಹೊಡೆದಂತಾಗಿ ಮೇಲೆ ತೇಲುವುದು ಕೆಲವೇ. ಹೊಟ್ಟೆಯೊಳಗಿನ ಗಾಳಿಚೀಲ ಒಡೆದು ತಳಕ್ಕೆ ಕೂರುವುದು ಅದಕ್ಕಿಂತ ಹೆಚ್ಚು. ಅವನ್ನು ಯಾರೂ ತಿನ್ನುವುದೂ ಇಲ್ಲ, ಎಣಿಸುವುದೂ ಇಲ್ಲ. ಬ್ಲೀಚಿಂಗ್ ಪುಡಿ ಸುರಿಯುತ್ತಾರೆ, ಕರೆಂಟು ಬಿಡುತ್ತಾರೆ, ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಬಲೆ ಎಳೆಯುತ್ತಾರೆ. ತೋಟೆ, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಹೇಳಿತ್ತು. ಕರ್ನಾಟಕದ್ದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಹರಿಗೋಲು, ಬೀಸುಬಲೆ ಹಿಡಿದು ತಲೆಮಾರಿನಿಂದ ಬದುಕಿದ ಬೆಸ್ತರು, ಅಂಬಿಗರು ತೋಟೆಯವರನ್ನು ಕಂಡರೆ ಶಾಪ ಹಾಕುತ್ತಾರೆ, ಯಾಕೆಂದರೆ ನಾಳೆ ಖಾಲಿಯಾಗುವುದು ಅವರ ಗಡಿಗೆ.

ಇದೇ ಹೊಳೆ ಮೇಲ್ಗಡೆ ಹೇಗಿದೆ ನೋಡಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ದೊಡ್ಡ ದೊಡ್ಡ ಮೀನುಗಳು ಮನುಷ್ಯರ ಕೈಯಿಂದ ಮಂಡಕ್ಕಿ ತಿನ್ನುತ್ತವೆ. ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮವಿದೆ. ಅಲ್ಲಿ ಬಲೆ ಬೀಸುವ ಧೈರ್ಯ ಯಾರಿಗೂ ಇಲ್ಲ. ಬೇರೆ ಹೊಳೆಯ ಮಾತಾದರೂ, ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದೇವರ ಮೀನುಗಳಿಗೆ ವಿಷ ಹಾಕಿದಾಗ ಊರಿಗೆ ಊರೇ ಅತ್ತು ಅವುಗಳಿಗೊಂದು ಸ್ಮಾರಕ ಕಟ್ಟಿತು. ನಮ್ಮಲ್ಲೂ ದೇವರಿದ್ದಾನೆ, ದಂಡೆಯ ಮೇಲೇ ಇದ್ದಾನೆ. ಕುರುವತ್ತಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನನ ಗುಡಿಯಿದೆ. ಒಂದನೇ ಸೋಮೇಶ್ವರ, ಆಹವಮಲ್ಲನೆಂಬ ಬಿರುದಿನ ದೊರೆ, 1068ರಲ್ಲಿ ರೋಗ ವಾಸಿಯಾಗದೆ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಜಲಸಮಾಧಿಯಾದ. ಅವನ ಮೊಮ್ಮಗ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಇದೆ: ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾವ ಗಾಳಕ್ಕೆ ಬೀಳುತ್ತದೆ ಎಂದೆಲ್ಲ. ಒಂಬೈನೂರು ವರ್ಷದ ಹಿಂದಿನ ಅರಮನೆಗೆ ತನ್ನ ನಾಡಿನ ಮೀನುಗಳ ಹೆಸರು ಗೊತ್ತಿತ್ತು. ಇಂದಿನ ತಾಲ್ಲೂಕು ಕಚೇರಿಗೆ ಟನ್ನಿನ ಲೆಕ್ಕ ಮಾತ್ರ ಗೊತ್ತು.

ಮೈಲಾರದ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಭವಿಷ್ಯಕ್ಕೆ ಮಂತ್ರಿಗಳೂ ಕಿವಿಗೊಡುತ್ತಾರೆ, ಟಿವಿಯವರು ವಾರಗಟ್ಟಲೆ ಅರ್ಥ ಹಚ್ಚುತ್ತಾರೆ. ಜಾತ್ರೆ ಮುಗಿದ ಮರುದಿನ ಹೊಳೆಯ ದಂಡೆಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ: ಬಿಟ್ಟುಹೋದ ಬಟ್ಟೆ, ಶಾಂಪೂ ಚೀಟಿ, ಪ್ಲಾಸ್ಟಿಕ್ ತಟ್ಟೆ, ಬಾಟಲಿ. ಮೈ ತೊಳೆದ ನೀರಿಗೇ ಇಷ್ಟನ್ನು ಬಿಟ್ಟು ಏಳು ಕೋಟಿ ಎಂದು ಜಯಘೋಷ ಕೂಗಿದರೆ ಮೈಲಾರಲಿಂಗ ಮೆಚ್ಚುತ್ತಾನೆಂದು ನಾನು ನಂಬುವುದಿಲ್ಲ. ಗುಡಿಗಳ ಆಡಳಿತ ಸರ್ಕಾರದ ಕೈಯಲ್ಲಿದೆ, ಹುಂಡಿ ಎಣಿಸಲು ಅಧಿಕಾರಿಗಳು ಬರುತ್ತಾರೆ. ಆ ಹುಂಡಿಯ ದುಡ್ಡಿನಲ್ಲೇ ಹೊಳೆಯ ಕಾವಲಿಗೆ ನಾಲ್ಕು ಜನ ಬೆಸ್ತರ ಹುಡುಗರಿಗೆ ಸಂಬಳ ಕೊಡಬಹುದು. ಕೊಡಲಿ.

ಏನು ಮಾಡಬೇಕೆಂದು ಸರ್ಕಾರಕ್ಕೆ ಹೊಸದಾಗಿ ಹೇಳಿಕೊಡಬೇಕಿಲ್ಲ, ಮಾಡಿ ತೋರಿಸಿದ್ದು ಪಕ್ಕದಲ್ಲೇ ಇದೆ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ವನ್ಯಜೀವಿ ಕಾಯ್ದೆಯಡಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಅದೇ ಕಾಯ್ದೆಯ ಅದೇ ಕಲಮಿನಲ್ಲಿ ಕುರುವತ್ತಿಯಿಂದ ಮದಲಗಟ್ಟಿಯವರೆಗಿನ ಹೊಳೆಯನ್ನು ಹರಗಿಗಾಗಿ, ಅದರ ಜೊತೆಗಿರುವ ಬಾಳೆಮೀನಿಗಾಗಿ, ಕಾಗೆಮೀನಿಗಾಗಿ ಯಾಕೆ ಘೋಷಿಸಬಾರದು? ಆ ತುಂಡಿನಲ್ಲಿ ಉಸುಕಿನ ಒಂದು ಪಾಸೂ ಬೇಡ. ಕಟ್ಟಡಕ್ಕೆ ಕಲ್ಲುಪುಡಿಯ ಎಂ-ಸ್ಯಾಂಡ್ ಇದೆ. ಬಡವರ ಮನೆಗೆ ಅದನ್ನು ಸರ್ಕಾರವೇ ಕಡಿಮೆ ದರಕ್ಕೆ ಕೊಡಲಿ. ಮೊದಲ ಮಳೆಯ ಎರಡು ತಿಂಗಳು ಬಲೆ ನಿಲ್ಲಿಸಿ, ಆ ಎರಡು ತಿಂಗಳ ಹೊಟ್ಟೆಪಾಡನ್ನು ಬೆಸ್ತರ ಕೈಗೇ ಮುಟ್ಟಿಸಲಿ; ದಲ್ಲಾಳಿಗಳ ಸೊಸೈಟಿಗಲ್ಲ. ಕೊಳಚೆ ಶುದ್ಧೀಕರಣ ಘಟಕಗಳು ನಿಜವಾಗಿ ಓಡುತ್ತಿವೆಯೇ ಎಂದು ಹರಿಹರದ ಕೆಳಗಿನ ಹಳ್ಳಿಗಳವರು ಹೋಗಿ ನೋಡುವ ಹಕ್ಕನ್ನು ಬರೆದುಕೊಡಲಿ. ಹೆಸರಘಟ್ಟದ ಮರಿಗಳು ಬರುವುದು ಇಷ್ಟಾದ ಮೇಲೆ.

ನಮ್ಮ ಪಂಚಾಯಿತಿಗಳಿಗೂ ಒಂದು ಮಾತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಮೀನುಗಳನ್ನೆಲ್ಲ ಬರೆದ ಜನತಾ ದಾಖಲಾತಿ ಇರಬೇಕು. ಬಹಳ ಕಡೆ ಈ ಪುಸ್ತಕವನ್ನು ಯಾವುದೋ ಏಜೆನ್ಸಿಯವರು ಒಂದೂರಿನದನ್ನು ಇನ್ನೊಂದೂರಿಗೆ ನಕಲು ಮಾಡಿ ಕೊಟ್ಟು ಬಿಲ್ಲು ಪಡೆದಿದ್ದಾರೆಂಬ ದೂರು ಇದೆ. ಮೈಲಾರ, ಕುರುವತ್ತಿ, ಮಾಗಳ, ಮದಲಗಟ್ಟಿ, ಹೊಳೆದಂಡೆಯ ಯಾವ ಊರಿನವರೇ ಆಗಲಿ, ಮುಂದಿನ ಗ್ರಾಮಸಭೆಗೆ ಹೋಗಿ ಆ ಪುಸ್ತಕವನ್ನು ಕಪಾಟಿನಿಂದ ತೆಗೆಸಿ. ಮೀನಿನ ಪುಟ ತೆರೆಸಿ ಓದಿಸಿ. ಹರಗಿಯ ಹೆಸರಿಲ್ಲದಿದ್ದರೆ ಊರಿನ ಹಿರಿಯ ಬೆಸ್ತರನ್ನು ಕರೆದು ಕೂರಿಸಿ, ಅವರು ಎಲ್ಲಿ ಕಂಡಿದ್ದರು, ಯಾವ ಮಡುವಿನಲ್ಲಿ, ಯಾವ ವರ್ಷದವರೆಗೆ ಎಂದು ಕೇಳಿ ಅಲ್ಲೇ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ, ಅದರ ನಕಲನ್ನು ಜಿಲ್ಲಾಧಿಕಾರಿಗೂ ಗಣಿ ಇಲಾಖೆಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಇನ್ನು ಮೇಲೆ ಆ ಮಡುವಿನಲ್ಲಿ ಉಸುಕಿಗೆ ಅನುಮತಿ ಕೊಡುವವರು ಆ ಕಾಗದಕ್ಕೆ ಉತ್ತರ ಬರೆದೇ ಕೊಡಬೇಕಾಗುತ್ತದೆ.